ಪರಿಸರ ವಿಜ್ಞಾನದ ಎಂ.ಎಸ್ಸಿ.ಯಲ್ಲಿ ಓದುವುದಾದರೂ ಏನನ್ನು?

ನಮ್ಮಲ್ಲಿ ಪದವಿ ಓದಿದ ಹೆಚ್ಚಿನವರು ‘ಪರಿಸರ ಅಧ್ಯಯನ’ ಎಂಬ ಪತ್ರಿಕೆಯನ್ನು ಒಮ್ಮೆಯಾದರೂ ಬರೆದಿರುತ್ತಾರೆ. ಬಿ.ಎ. ಇರಲಿ, ಬಿ.ಕಾಂ. ಇರಲಿ, ತಪ್ಪಿಸಿಕೊಳ್ಳುವಂತಿರಲಿಲ್ಲ. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ಆದೇಶ, ಅದು ಕಾಗದದಲ್ಲೇ ಉಳಿಯಿತೆಂದು 2003ರಲ್ಲಿ ಮತ್ತೆ ನೀಡಿದ ನಿರ್ದೇಶನ ಇದಕ್ಕೆ ಕಾರಣ. ಪರೀಕ್ಷೆಯ ಹಿಂದಿನ ರಾತ್ರಿ ಓಝೋನ್ ಪದರ, ಆಹಾರ ಸರಪಳಿ, ಚಿಪ್ಕೊ ಚಳವಳಿ ಎಂದು ಉರು ಹೊಡೆದು ಪಾಸಾದವರ ಮನಸ್ಸಿನಲ್ಲಿ ಆ ವಿಷಯದ ಬಗ್ಗೆ ಒಂದು ತೀರ್ಪು ಕಾಯಂ ಆಗಿಬಿಡುತ್ತದೆ: ಸುಲಭ, ಅಂಕ ಬರುತ್ತದೆ, ಅಷ್ಟೇ. ಹಾಗಾಗಿ ಮನೆಯ ಮಗಳೋ ಮಗನೋ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎಂದರೆ, ಅದರಲ್ಲಿ ಎರಡು ವರ್ಷ ಓದಲು ಏನಿದೆ ಎಂದು ಹಿರಿಯರು ಹುಬ್ಬೇರಿಸುತ್ತಾರೆ.

ಓದಲು ಬೇಕಾದಷ್ಟಿದೆ. ನಿಜ ಹೇಳಬೇಕೆಂದರೆ ಅಗತ್ಯಕ್ಕಿಂತ ಹೆಚ್ಚೇ ಇದೆ, ಈ ಕೋರ್ಸಿನ ತೊಂದರೆಯೂ ಅದೇ. ನಾಲ್ಕು ಸೆಮಿಸ್ಟರ್‌ಗಳಲ್ಲಿ ಪರಿಸರ ರಸಾಯನಶಾಸ್ತ್ರ, ಜೀವಿ ಪರಿಸ್ಥಿತಿ ಶಾಸ್ತ್ರ, ಭೂವಿಜ್ಞಾನ, ಸೂಕ್ಷ್ಮಜೀವಿ ಶಾಸ್ತ್ರ, ವಿಷಶಾಸ್ತ್ರ, ಸಂಖ್ಯಾಶಾಸ್ತ್ರ, ದೂರಸಂವೇದಿ (ಉಪಗ್ರಹ ಚಿತ್ರಗಳನ್ನು ಓದುವುದು) ಮತ್ತು ಜಿಐಎಸ್ (ಕಂಪ್ಯೂಟರ್ ನಕ್ಷೆಯ ಮೇಲೆ ಮಾಹಿತಿ ಜೋಡಿಸುವುದು), ತ್ಯಾಜ್ಯ ನಿರ್ವಹಣೆ, ಪರಿಸರ ಕಾನೂನು, ಹವಾಮಾನ ಬದಲಾವಣೆ ಎಲ್ಲವೂ ಬಂದು ಹೋಗುತ್ತವೆ. ಬೇರೆ ವಿಭಾಗದ ಪ್ರಾಧ್ಯಾಪಕರು ‘ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ಗೊತ್ತು, ಯಾವುದೂ ಪೂರ್ತಿ ಗೊತ್ತಿಲ್ಲ’ ಎಂದು ಈ ವಿದ್ಯಾರ್ಥಿಗಳನ್ನು ಚುಚ್ಚುವುದುಂಟು. ಚುಚ್ಚುಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ತಿಳಿಯಬೇಕೆಂದರೆ ಇಷ್ಟೊಂದು ವಿಷಯಗಳನ್ನು ಒಂದೇ ಚೀಲಕ್ಕೆ ಯಾಕೆ ತುಂಬಿದರು ಎಂದು ನೋಡಬೇಕು. ಅದಕ್ಕೆ ಕೋಲಾರದ ಕೆರೆಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರ್‌ನಷ್ಟನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆಯೇ ಕೆ.ಸಿ. ವ್ಯಾಲಿ. 2018ರಲ್ಲಿ ನೀರು ಹರಿಯಲು ಶುರುವಾಯಿತು. ಬಳಸಲು ನೇರವಾಗಿ ನೀರು ಕೊಡುವುದು ಇದರ ಉದ್ದೇಶವಲ್ಲ. ಕೆರೆ ತುಂಬಿಸಿ, ಅದು ಇಂಗಿ, ಬತ್ತಿದ ಅಂತರ್ಜಲ ಮೇಲೇರಲಿ ಎಂಬುದು ಲೆಕ್ಕಾಚಾರ. ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳಿಗೆ ಇದು ಸಣ್ಣ ಮಾತಲ್ಲ. ಆದರೆ ಆರಂಭದಲ್ಲೇ ನೊರೆ ಕಾಣಿಸಿಕೊಂಡಿತು. ಎರಡನೇ ಹಂತದ ಶುದ್ಧೀಕರಣ ಸಾಲದು, ಉಳಿದ ಲವಣ, ರೋಗಾಣುಗಳನ್ನು ತೆಗೆಯುವ ಮೂರನೇ ಹಂತವೂ ಬೇಕು ಎಂದು ಜಿಲ್ಲೆಯ ಹೋರಾಟಗಾರರು ಪಟ್ಟು ಹಿಡಿದರು. ವಿಷಯ ಹೈಕೋರ್ಟ್ ಹತ್ತಿ, ಸುಪ್ರೀಂ ಕೋರ್ಟಿಗೂ ಹೋಯಿತು.

ಈಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ನೀರು ಒಳ್ಳೆಯದೋ ಕೆಟ್ಟದ್ದೋ? ರಸಾಯನಶಾಸ್ತ್ರ ಓದಿದವರು ಎರಡನೇ ಹಂತದಲ್ಲಿ ಕೊಳೆಯುವ ಸಾವಯವ ವಸ್ತು ಬಹುಪಾಲು ಹೋಗುತ್ತದೆ, ಆದರೆ ಸಾರಜನಕ, ರಂಜಕದ ಲವಣಗಳು ಸಾಕಷ್ಟು ಉಳಿಯಬಹುದು ಎನ್ನುತ್ತಾರೆ. ಜೀವಶಾಸ್ತ್ರದವರು ರಂಜಕ ಇದ್ದಲ್ಲಿ ಪಾಚಿ, ಅಂತರಗಂಗೆ ಬೆಳೆಯುವುದನ್ನು ನೋಡುತ್ತಾರೆ. ಸೂಕ್ಷ್ಮಜೀವಿ ಶಾಸ್ತ್ರದವರಿಗೆ ಕೋಲಿಫಾರ್ಮ್, ಅಂದರೆ ಮಲದ ಸೋಂಕನ್ನು ಸೂಚಿಸುವ ಬ್ಯಾಕ್ಟೀರಿಯಾಗಳ ಚಿಂತೆ. ಭೂವಿಜ್ಞಾನಿಗೆ ಬೇರೆಯೇ ಪ್ರಶ್ನೆ: ಕೋಲಾರದ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ, ನೀರು ಇಳಿಯುವುದು ಶಿಥಿಲವಾದ ಮೇಲ್ಪದರ ಮತ್ತು ಬಂಡೆಯ ಬಿರುಕುಗಳ ಮೂಲಕ. ಹೂಳು ತುಂಬಿದ ಕೆರೆಯಂಗಳದಲ್ಲಿ ಎಷ್ಟು ಇಂಗುತ್ತದೆ? ಮೇಲ್ಪದರ ನೀರನ್ನು ಸೋಸುತ್ತದೆ, ನೇರ ಬಿರುಕು ಸಿಕ್ಕಿದರೆ ಸೋಸುವುದಿಲ್ಲ. ಅದೇ ಶಿಲೆಯಿಂದ ಕರಗಿ ಬರುವ ಫ್ಲೋರೈಡ್ ಆಳದ ಕೊಳವೆ ಬಾವಿಗಳಲ್ಲಿ ಮೊದಲಿನಿಂದಲೂ ಇದೆ; ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನೀರಿನ ಮಟ್ಟ ಏರಿದರೆ ಫ್ಲೋರೈಡ್ ತಿಳಿಯಾಗಬಹುದು, ಜೊತೆಗೆ ನೈಟ್ರೇಟ್ ಏರಬಹುದು. ವಿಷಶಾಸ್ತ್ರದವರು ಇಂದಿನ ನೀರಿಗಿಂತ ಹತ್ತು ವರ್ಷದ ನಂತರದ ಹೂಳನ್ನು ಪರೀಕ್ಷಿಸಿ ಎನ್ನುತ್ತಾರೆ, ಭಾರಲೋಹಗಳು ತಂಗುವುದು ಅಲ್ಲಿ. ಇನ್ನು ಈ ನೀರು ಮೊದಲು ಎಲ್ಲಿಗೆ ಹೋಗುತ್ತಿತ್ತು? ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ. ಹಾಗಾದರೆ ಅದು ಯಾರ ನೀರು ಎಂಬ ಪ್ರಶ್ನೆಯೂ ಕದ ತಟ್ಟುತ್ತದೆ.

ಇವರಲ್ಲಿ ಯಾರೊಬ್ಬರ ಉತ್ತರವೂ ಸಾಲದು, ಯಾರನ್ನೂ ಬಿಡುವಂತೆಯೂ ಇಲ್ಲ. ಈ ಎಲ್ಲರ ವರದಿ ಓದಿ, ಯಾವುದನ್ನು ಎಷ್ಟು ನಂಬಬೇಕು ಎಂದು ತೂಗಬಲ್ಲ ಒಬ್ಬರು ಬೇಕು. ಎಂ.ಎಸ್ಸಿ. ಪಠ್ಯಕ್ರಮ ತಯಾರಿಸಲು ಹೊರಟಿರುವುದು ಅಂಥವರನ್ನು. ಹಾಗೆ ತೂಗುವ ಕಲೆ ಪುಸ್ತಕದಿಂದ ಬರುವುದಿಲ್ಲ, ಪ್ರಯೋಗಾಲಯದಲ್ಲಿ ಬರುತ್ತದೆ.

ಮೊದಲ ಸೆಮಿಸ್ಟರ್‌ನಲ್ಲೇ ಎದುರಾಗುವ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡೋಣ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ. 300 ಮಿಲಿಲೀಟರ್‌ನ ಗಾಜಿನ ಬಾಟಲಿಯನ್ನು ಕೆರೆಯ ನೀರಿನಲ್ಲಿ ಗುಳ್ಳೆ ಬಾರದಂತೆ ತುಂಬಬೇಕು. ಒಂದು ಗುಳ್ಳೆ ಒಳಗುಳಿದರೂ ಹೊರಗಿನ ಗಾಳಿಯ ಆಮ್ಲಜನಕ ಲೆಕ್ಕಕ್ಕೆ ಸೇರಿಬಿಡುತ್ತದೆ. ದಡದಲ್ಲೇ ಮ್ಯಾಂಗನಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್ ಅಜೈಡ್ ದ್ರಾವಣ ಹಾಕುತ್ತಾರೆ, ಪಿಪೆಟ್‌ನ ತುದಿ ನೀರಿನೊಳಗೇ ಇರಬೇಕು. ಮುಚ್ಚಳ ಹಾಕಿ ತಲೆಕೆಳಗು ಮಾಡಿದರೆ ಆಮ್ಲಜನಕ ಇರುವ ನೀರಿನಲ್ಲಿ ಕಂದು ಬಣ್ಣದ ಗಷ್ಟು ಇಳಿಯುತ್ತದೆ. ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇಲ್ಲ ಎಂದೇ ಅರ್ಥ. ಕೊಳಚೆ ಹರಿಯುವ ಕಡೆ ಆ ಬಿಳಿ ಗಷ್ಟು ನೋಡಿದ ಮೇಲೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮುಂದೆ ಗಂಧಕಾಮ್ಲ ಹಾಕಿದಾಗ ಗಷ್ಟು ಕರಗಿ, ಬಿಡುಗಡೆಯಾದ ಅಯೊಡಿನ್‌ನಿಂದ ನೀರು ಹೊಂಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಸುಮಾರು 200 ಮಿಲಿಲೀಟರ್ ತೆಗೆದುಕೊಂಡು ಬ್ಯುರೆಟ್‌ನಿಂದ ಸೋಡಿಯಂ ಥಯೊಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತಾ, ಬಣ್ಣ ಒಣಹುಲ್ಲಿನಷ್ಟು ತಿಳಿಯಾದಾಗ ಪಿಷ್ಟದ ದ್ರಾವಣ ಸೇರಿಸಿದರೆ ಕಡುನೀಲಿ. ಇನ್ನು ಕೆಲವು ಹನಿ, ನೀಲಿ ಮಾಯ. ದ್ರಾವಣದ ಸಾಮರ್ಥ್ಯ 0.025 ನಾರ್ಮಲ್ ಆಗಿದ್ದರೆ ಖರ್ಚಾದ ಪ್ರತಿ ಮಿಲಿಲೀಟರೂ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ಸಮ.

ಇದೇ ಪ್ರಯೋಗದ ಮೇಲೆ ನಿಂತಿರುವುದು ಬಿಒಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ. ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕಾಯಿತು ಎಂಬ ಲೆಕ್ಕ. ತಂಪು ದೇಶಗಳ ಪದ್ಧತಿಯಲ್ಲಿ ಬಾಟಲಿಯನ್ನು 20 ಡಿಗ್ರಿಯಲ್ಲಿ 5 ದಿನ ಇಡುತ್ತಾರೆ. ನಮ್ಮ ಮಾನಕದಲ್ಲಿ 27 ಡಿಗ್ರಿಯಲ್ಲಿ 3 ದಿನ. ಮನೆಗಳಿಂದ ಬಂದ ಕೊಳಚೆಯನ್ನು ಹಾಗೆಯೇ ಇಟ್ಟರೆ ಮೊದಲ ದಿನವೇ ಆಮ್ಲಜನಕ ಖಾಲಿಯಾಗುತ್ತದೆ, ಆದ್ದರಿಂದ ತೆಳು ಮಾಡಬೇಕು. 300ರ ಬಾಟಲಿಗೆ 6 ಮಿಲಿಲೀಟರ್ ಕೊಳಚೆ, ಉಳಿದದ್ದು ಶುದ್ಧ ನೀರು, ಅಂದರೆ ಶೇ 2. ಮೊದಲ ದಿನ ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂ, ಮೂರು ದಿನದ ಮೇಲೆ 4 ಎಂದಿಟ್ಟುಕೊಳ್ಳಿ. ಕಡಿಮೆಯಾದದ್ದು 4, ಅದನ್ನು 0.02ರಿಂದ ಭಾಗಿಸಿದರೆ ಬಿಒಡಿ 200.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ಯುರೆಟ್ ಓದುವಾಗ ಕಣ್ಣು ಒಂದಿಷ್ಟು ಮೇಲೆ ಕೆಳಗಾಗಿ 0.2 ಮಿಲಿಲೀಟರ್ ತಪ್ಪಿತು ಅನ್ನಿ. ಅದು ಭಾಗಿಸಿದ ಮೇಲೆ ಐವತ್ತು ಪಟ್ಟು ಹಿಗ್ಗಿ ಉತ್ತರದಲ್ಲಿ 10 ಮಿಲಿಗ್ರಾಂ ವ್ಯತ್ಯಾಸವಾಗುತ್ತದೆ. ಕಾರ್ಖಾನೆಯೊಂದು ಹೊಳೆಗೆ ಬಿಡುವ ನೀರಿನ ಬಿಒಡಿ ಸಾಮಾನ್ಯವಾಗಿ 30 ಮೀರಬಾರದು. ಹಾಗಿರುವಾಗ ಹೊಳೆಗೆ ಬಿಟ್ಟ ನೀರನ್ನೂ ಯಾರಾದರೂ ಅಭ್ಯಾಸಬಲದಿಂದ ಇಷ್ಟೇ ತೆಳು ಮಾಡಿ ಅಳೆದರೆ, ‘28, ನಿಯಮದೊಳಗೆ’ ಎಂಬ ವರದಿಗೆ ಯಾವ ಬೆಲೆಯೂ ಇಲ್ಲ. ಎಷ್ಟು ತೆಳು ಮಾಡಿದಿರಿ, ಎಷ್ಟು ಬಾಟಲಿ ಇಟ್ಟಿರಿ ಎಂದು ಕೇಳುವ ಅಭ್ಯಾಸ ಅಂಟಿಕೊಂಡರೆ ಫೀಸಿನ ಹಣ ವಸೂಲಾದ ಹಾಗೆ.

ಪ್ರಯೋಗಾಲಯದ ತಪ್ಪಾದರೂ ಸಿಕ್ಕಿಬೀಳುತ್ತದೆ, ಮಾದರಿ ತಂದ ಹೊತ್ತಿನದು ಸಿಕ್ಕಿಬೀಳುವುದಿಲ್ಲ. ಪಾಚಿಯಿಂದ ಹಸಿರಾದ ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಆಮ್ಲಜನಕ ಭರ್ತಿ ಇರುತ್ತದೆ, ಏಕೆಂದರೆ ಬಿಸಿಲಿನಲ್ಲಿ ಪಾಚಿ ಅದನ್ನು ಉತ್ಪಾದಿಸುತ್ತಿರುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡುತ್ತದೆ, ಬೆಳಗಿನ ಜಾವಕ್ಕೆ ಆಮ್ಲಜನಕ ತಳ ಮುಟ್ಟುತ್ತದೆ. ಇಂಥ ಕೆರೆಗಳಲ್ಲಿ ಮೀನು ಸತ್ತು ತೇಲುವುದು ಹೆಚ್ಚಾಗಿ ಮುಂಜಾನೆ ಕಣ್ಣಿಗೆ ಬೀಳುವುದು ಇದೇ ಕಾರಣಕ್ಕೆ. ಕಚೇರಿ ವೇಳೆಯಲ್ಲಿ ಹೋಗಿ ಮಾದರಿ ತಂದವರ ವರದಿಯಲ್ಲಿ ಕೆರೆ ಆರೋಗ್ಯವಾಗಿಯೇ ಇರುತ್ತದೆ! ಅಂಕಿ ಸುಳ್ಳಲ್ಲ, ಗಡಿಯಾರ ನೋಡದೆ ಅದನ್ನು ಓದಿದ್ದು ತಪ್ಪು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೆದರುವ ಸಂಖ್ಯಾಶಾಸ್ತ್ರ ಪತ್ರಿಕೆಯ ಅಗತ್ಯ ಅರ್ಥವಾಗುವುದೂ ಇಂಥ ಜಾಗದಲ್ಲೇ. ಮತ್ತೆ ಕೋಲಾರಕ್ಕೆ ಹೋಗೋಣ. ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೊಳವೆ ಬಾವಿಗಳ ಮಟ್ಟ ಏರಿತು ಎನ್ನುತ್ತಾರೆ. ಆದರೆ 2021ರಲ್ಲಿ ಜಿಲ್ಲೆಯಲ್ಲಿ ಮಳೆಯೂ ಎಡೆಬಿಡದೆ ಸುರಿದು ಎಷ್ಟೋ ಕೆರೆಗಳು ಕೋಡಿ ಹರಿದವು. ಏರಿದ್ದು ಯಾವುದರಿಂದ? ಯೋಜನೆಯ ನೀರು ಬಾರದ, ಅಷ್ಟೇ ಮಳೆ ಬಿದ್ದ, ಅದೇ ಬಗೆಯ ಶಿಲೆಯ ಮೇಲಿರುವ ಕೆರೆಗಳನ್ನು ಆರಿಸಿ, ಎರಡು ಗುಂಪುಗಳನ್ನೂ ಯೋಜನೆಗೆ ಮುಂಚಿನಿಂದ ಹೋಲಿಸದೆ ಹೇಳಲಾಗದು. ಮುಂಚಿನ ಅಂಕಿಗಳು ಇಲ್ಲದಿದ್ದರೆ ಎಂಥ ಸೂತ್ರ ಹಾಕಿದರೂ ಉತ್ತರ ಸಿಗುವುದಿಲ್ಲ. ಪರಿಸರದ ಅರ್ಧದಷ್ಟು ಜಗಳಗಳು ಬಗೆಹರಿಯದೆ ಉಳಿದಿರುವುದಕ್ಕೆ ಮೊದಲೇ ಯಾರೂ ಅಳೆದಿಡದಿದ್ದದ್ದು ಕಾರಣ ಎಂದು ನನ್ನ ಅನಿಸಿಕೆ.

ಜಿಐಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತ, ಉಪಗ್ರಹ ಚಿತ್ರಗಳೂ ಉಚಿತವಾಗಿ ಸಿಗುತ್ತವೆ, ಕಲಿಯಲು ವಿಭಾಗದ ಕಂಪ್ಯೂಟರ್ ಕೊಠಡಿಯ ಬೀಗ ತೆಗೆಯುವವರೆಗೆ ಕಾಯಬೇಕಿಲ್ಲ. ಕೆಲಸಕ್ಕೆ ಹೋದಾಗ ಮೊದಲು ಉಪಯೋಗಕ್ಕೆ ಬರುವುದು ಬಹುಶಃ ಇದೇ.

ಕಾನೂನಿನ ಪತ್ರಿಕೆಯನ್ನು ಮಾತ್ರ ಹಗುರವಾಗಿ ಕಾಣಬಾರದು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 2010ರ ಹಸಿರು ನ್ಯಾಯಮಂಡಳಿ ಕಾಯ್ದೆ ಎಂದು ಇಸವಿ ಬಾಯಿಪಾಠ ಮಾಡಿದರೆ ಪರೀಕ್ಷೆಗಾಯಿತು. ಆದರೆ ವೃತ್ತಿಯ ಅನ್ನ ಹುಟ್ಟುವುದು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಲ್ಲಿ. ಗಣಿ, ಅಣೆಕಟ್ಟು, ಹೆದ್ದಾರಿ, ಕಾರ್ಖಾನೆ, ದೊಡ್ಡ ಕಟ್ಟಡ ಯಾವುದೇ ಇರಲಿ, ಪಟ್ಟಿಯಲ್ಲಿದ್ದರೆ ಪೂರ್ವಾನುಮತಿ ಬೇಕು. ದೊಡ್ಡ ಯೋಜನೆಯಾದರೆ ಅಧ್ಯಯನದ ವ್ಯಾಪ್ತಿ ಗೊತ್ತುಪಡಿಸುತ್ತಾರೆ, ಸಲಹಾ ಸಂಸ್ಥೆ ವರದಿ ಬರೆಯುತ್ತದೆ, ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ, ಆಮೇಲೆ ತಜ್ಞರ ಸಮಿತಿ ಪರಿಶೀಲಿಸುತ್ತದೆ. ವರದಿಗೆ ಬೇಕಾದ ಗಾಳಿ, ನೀರು, ಮಣ್ಣು, ಶಬ್ದದ ಮೂಲ ಮಾಹಿತಿಯನ್ನು ಅನೇಕ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಸಂಗ್ರಹಿಸಿದರೆ ಸಾಕು ಎಂಬ ಪದ್ಧತಿಯಿದೆ. ಮಳೆಗಾಲದಲ್ಲೇ ಜೀವ ತಳೆಯುವ ಪಶ್ಚಿಮ ಘಟ್ಟದ ಕಪ್ಪೆಗಳ ಪಾಡೇನು ಎಂದು ನೀವು ಕೇಳಬಹುದು. ಕೇಳಲೇಬೇಕು. ಅಹವಾಲು ಸಭೆಗೆ ಮೂವತ್ತು ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಆ ಕನ್ನಡ ಸಾರಾಂಶಗಳಲ್ಲಿ ಎಷ್ಟನ್ನು ಊರಿನವರು ಓದಿ ಅರ್ಥ ಮಾಡಿಕೊಳ್ಳಬಲ್ಲರು ಎಂಬುದು ಬೇರೆ ಮಾತು. ವಿಜ್ಞಾನವೂ ಗೊತ್ತಿದ್ದು ಕನ್ನಡವೂ ಬರುವವರಿಗೆ ಅಲ್ಲಿ ಕೆಲಸ ಬಿದ್ದಿದೆ.

ಎಲ್ಲಿ ಓದುವುದು? ನಮ್ಮ ರಾಜ್ಯದ ಮಟ್ಟಿಗೆ ಬೆಂಗಳೂರು, ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ವಿಭಾಗಗಳಿವೆ. ಮೂರರ ನೆರೆಯಲ್ಲೂ ಒಂದೊಂದು ಜಲಮೂಲ ಇರುವುದು ಕಾಕತಾಳೀಯ, ಆದರೆ ಉಪಯುಕ್ತ. ಜ್ಞಾನಭಾರತಿಯ ಹತ್ತಿರ ಕೊಳಚೆ ಹೊತ್ತ ವೃಷಭಾವತಿ, ಮಾನಸಗಂಗೋತ್ರಿಯ ಮಗ್ಗುಲಲ್ಲಿ ಕುಕ್ಕರಹಳ್ಳಿ ಕೆರೆ, ಶಂಕರಘಟ್ಟದಿಂದ ಸ್ವಲ್ಪ ದೂರದಲ್ಲಿ ಭದ್ರಾ ಜಲಾಶಯ ಮತ್ತು ಕಾಡು. ನಗರದ ಮಾಲಿನ್ಯ ಕಲಿಯಬೇಕೋ ಮಲೆನಾಡಿನ ಜೀವವೈವಿಧ್ಯ ಕಲಿಯಬೇಕೋ ಎಂಬುದರ ಮೇಲೆ ಊರು ಆರಿಸುವುದು ಜಾಣತನ. ಕಾಡೇ ಮುಖ್ಯ ಎನ್ನುವವರಿಗೆ ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳ ದಾರಿ ಬೇರೆಯೇ ಇದೆ. ಹೊರರಾಜ್ಯಕ್ಕೆ ಹೋಗುವ ಮನಸ್ಸಿದ್ದರೆ ದೆಹಲಿಯ ಜೆಎನ್‌ಯುದಂಥ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿ.ಜಿ. ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಎಂಜಿನಿಯರಿಂಗ್ ಓದಿದವರ ಎಂ.ಟೆಕ್. ಬೇರೆ ಜಾತಿಯದು: ಅವರು ಶುದ್ಧೀಕರಣ ಘಟಕವನ್ನು ಕಟ್ಟಲು ಕಲಿಯುತ್ತಾರೆ, ಎಂ.ಎಸ್ಸಿ.ಯವರು ಅದರಿಂದ ಹೊರಬಿದ್ದ ನೀರು ಏನು ಮಾಡುತ್ತದೆ ಎಂದು ಕಲಿಯುತ್ತಾರೆ.

ಕೆಲಸದ ವಿಷಯದಲ್ಲಿ ಕೆಲವು ಗುಂಡಿಗಳನ್ನು ಮೊದಲೇ ತೋರಿಸಿಬಿಡುತ್ತೇನೆ. ಪರಿಸರ ಓದಿದರೆ ಅರಣ್ಯ ಅಧಿಕಾರಿಯಾಗಬಹುದು ಎಂದು ಬಹಳ ಮಂದಿ ನಂಬಿದ್ದಾರೆ. ಭಾರತೀಯ ಅರಣ್ಯ ಸೇವೆಗೆ ಅರ್ಹತೆ ನೋಡುವುದು ಪದವಿಯ ವಿಷಯಗಳಲ್ಲಿ: ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಪಶುಸಂಗೋಪನೆ ಇವುಗಳಲ್ಲಿ ಒಂದಾದರೂ ಇರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಆಗಿರಬೇಕು. ಪರಿಸರ ವಿಜ್ಞಾನದ ಹೆಸರು ಆ ಪಟ್ಟಿಯಲ್ಲಿ ಇಲ್ಲ, ಐಚ್ಛಿಕ ವಿಷಯಗಳ ಪಟ್ಟಿಯಲ್ಲೂ ಇಲ್ಲ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಇದ್ದವರಿಗೆ ತೊಂದರೆಯಿಲ್ಲ, ಆದರೆ ಅದು ಬಿ.ಎಸ್ಸಿ.ಯ ಪುಣ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆಗಳಿಗೂ ಪ್ರತಿ ಅಧಿಸೂಚನೆಯಲ್ಲಿ ಎಂ.ಎಸ್ಸಿ. ಕೇಳಿದ್ದಾರೋ ಬಿ.ಇ. ಕೇಳಿದ್ದಾರೋ ಎಂದು ಸಾಲು ಸಾಲಾಗಿ ಓದಿಯೇ ಅರ್ಜಿ ಹಾಕಬೇಕು.

ಅಧ್ಯಾಪನ, ಸಂಶೋಧನೆಗೆ ದಾರಿ ನೇರ. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್ ಪರೀಕ್ಷೆಯಲ್ಲೂ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ಪತ್ರಿಕೆ ಬಂದಿದೆ. ಖಾಸಗಿ ವಲಯದಲ್ಲಿ ಮಾನ್ಯತೆ ಪಡೆದ ಪರೀಕ್ಷಾ ಪ್ರಯೋಗಾಲಯಗಳು, ಪರಿಣಾಮ ಅಂದಾಜು ಮಾಡುವ ಸಲಹಾ ಸಂಸ್ಥೆಗಳು, ಕಾರ್ಖಾನೆಗಳ ಸುರಕ್ಷತೆ ಮತ್ತು ಪರಿಸರ ವಿಭಾಗಗಳು ಕೆಲಸ ಕೊಡುತ್ತವೆ. ಷೇರುಪೇಟೆಯ ಮೊದಲ 1,000 ಕಂಪನಿಗಳು ನೀರು, ಇಂಧನ, ಹೊಗೆಯ ಲೆಕ್ಕವನ್ನು ವರ್ಷವರ್ಷ ಒಪ್ಪಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಕಡ್ಡಾಯ ಮಾಡಿದ ಮೇಲೆ ವರದಿ ಬರೆಯುವವರಿಗೂ ಬೇಡಿಕೆ ಬಂದಿದೆ. ಮೊದಲ ಸಂಬಳ ಎಂಜಿನಿಯರ್ ಗೆಳೆಯರಿಗೆ ಹೇಳಿಕೊಳ್ಳುವಂಥದ್ದಲ್ಲ. ಇನ್ನೊಂದು ಕಹಿ ಸಂಗತಿ: ಸಲಹಾ ಸಂಸ್ಥೆಗೆ ಹಣ ಕೊಡುವವರು ಯೋಜನೆಯ ಮಾಲೀಕರೇ. ಮಾಲೀಕರಿಗೆ ಬೇಡವಾದ ಅಂಕಿ ಬಂದಾಗ ಅದನ್ನು ವರದಿಯಲ್ಲಿ ಉಳಿಸುವ ಗಟ್ಟಿತನ ಯಾವ ಸೆಮಿಸ್ಟರ್‌ನ ಪಠ್ಯದಲ್ಲೂ ಇಲ್ಲ.

‘ಎಲ್ಲದರಲ್ಲೂ ಸ್ವಲ್ಪ’ ಎಂಬ ಚುಚ್ಚುಮಾತಿಗೆ ಉತ್ತರ ಕೊಡುವ ಅವಕಾಶ ಒಂದೇ, ಕೊನೆಯ ಸೆಮಿಸ್ಟರ್‌ನ ಸಂಶೋಧನಾ ಪ್ರಬಂಧ. ‘ಇಂಥ ಊರಿನ ಕೆರೆಯ ನೀರಿನ ಗುಣಮಟ್ಟ’ ಎಂಬ ಹೆಸರಿನ ಪ್ರಬಂಧಗಳು ಗ್ರಂಥಾಲಯದ ಕಪಾಟುಗಳಲ್ಲಿ ಧೂಳು ತಿನ್ನುತ್ತಿವೆ. ಮೂರು ತಿಂಗಳು, ಐದು ಜಾಗ, ಹತ್ತು ಅಂಶ, ಕೊನೆಗೆ ‘ನೀರು ಮಲಿನವಾಗಿದೆ’. ಕೆರೆಯ ಪಕ್ಕದ ದನಗಾಹಿಗೂ ಗೊತ್ತಿದ್ದ ಸಂಗತಿ! ಅದರ ಬದಲು ಒಂದೇ ಅಂಶ ಹಿಡಿದು, ಅದೇ ಕೆರೆಯಲ್ಲಿ ರಾತ್ರಿ ಹಗಲು ಎರಡು ಗಂಟೆಗೊಮ್ಮೆ ಅಳೆದರೆ ಅದು ಸಣ್ಣದಾದರೂ ಹೊಸದು. ಬಿಡದೆ ಮಾಡಿದ ಒಂದು ಕೆಲಸ ಕೈಯಲ್ಲಿದ್ದರೆ ಸಂದರ್ಶನದಲ್ಲಿ ಉಳಿದ ಒಂಬತ್ತು ಪತ್ರಿಕೆಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಪ್ರವೇಶ ಪಡೆಯುವ ಮುನ್ನ ಸಾಧ್ಯವಾದರೆ ಆ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ವಿವರಣಾ ಪುಸ್ತಿಕೆಯಲ್ಲಿ ಎಲ್ಲ ಉಪಕರಣಗಳ ಹೆಸರೂ ಇರುತ್ತದೆ. ಯಾವುದು ಈಗ ಕೆಲಸ ಮಾಡುತ್ತಿದೆ ಎಂದು ಎರಡನೇ ವರ್ಷದವರನ್ನು ಕೇಳಿ. ಹಿಂದಿನ ತಂಡ ಪ್ರಬಂಧಕ್ಕಾಗಿ ಯಾವ ಯಾವ ಊರಿಗೆ ಹೋಗಿತ್ತು, ಬಸ್ ಖರ್ಚು ಯಾರು ಕೊಟ್ಟರು ಎಂದೂ ಕೇಳಿ. ಆಮೇಲೆ ಬಿಒಡಿ ಇನ್‌ಕ್ಯುಬೇಟರ್‌ನ ಬಾಗಿಲು ತೆರೆದು ತೋರಿಸಲು ಹೇಳಿ. ಒಳಗೆ ದಿನಾಂಕ ಬರೆದ ಬಾಟಲಿಗಳಿದ್ದರೆ ಅರ್ಜಿ ತುಂಬಬಹುದು.